ಪಶುಪತಿನಾಥನ ಊರಿಂದ ಮೂರು ರಿಂಗು

ನಾನು ಹೆದರುಪುಕ್ಕಲಿ. ಇದನ್ನ ಮೊದಲೇ ಒಪ್ಕೊಂಡುಬಿಡ್ತೀನಿ, ಆಮೇಲೆ ನೀವು ಕಂಡುಹಿಡಿದು ನಗೋದು ಬೇಡ. ಹಾವಿಗೆ, ಗುಡುಗಿಗೆ ಹೆದರೋಳಲ್ಲ. ನನ್ನ ಹೆದರಿಕೆ ಎಲ್ಲ ಫೋನಿಂದು. ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಹತ್ರ ನಂದೊಂದು ಪುಟ್ಟ ಅಂಗಡಿ ಇದೆ. ಜೆರಾಕ್ಸು, ಲ್ಯಾಮಿನೇಷನ್ನು, ಮೊಬೈಲಿಗೆ ಕರೆನ್ಸಿ. ದಿನಾ ನನ್ನ ಮುಂದೆ ನಿಂತು ಜನ ಹೇಳೋ ಕಥೆ ಕೇಳಿ ಕೇಳಿ ನನ್ನ ಎದೆ ನೀರಾಗಿಹೋಗಿತ್ತು. ಒಬ್ಬರಿಗೆ ಓಟಿಪಿ ಕೇಳಿ ಖಾತೆ ಖಾಲಿ ಮಾಡಿದ್ರು. ಇನ್ನೊಬ್ಬರಿಗೆ ಹೊರದೇಶದ ನಂಬರಿಂದ ಒಂದೇ ಒಂದು ರಿಂಗ್ ಬಂದು ನಿಂತಿತ್ತಂತೆ, ಯಾರಿರಬಹುದು ಅಂತ ಇವರು ವಾಪಸ್ ಮಾಡಿದ್ದೇ ತಡ, ಇದ್ದ ಕರೆನ್ಸಿ ಎಲ್ಲ ಗುಳುಂ.

ಅದಕ್ಕೇ ಅಂಗಡಿ ಗೋಡೆಗೆ ಕೆಂಪು ಅಕ್ಷರದಲ್ಲಿ ಬರೆದು, ಲ್ಯಾಮಿನೇಷನ್ ಮಾಡಿ ಅಂಟಿಸಿದ್ದೆ: ‘ಹೊರದೇಶದ ನಂಬರಿಂದ ಮಿಸ್ ಕಾಲ್ ಬಂದರೆ ಎತ್ತಬೇಡಿ, ವಾಪಸ್ ಮಾಡಬೇಡಿ, ಬ್ಲಾಕ್ ಮಾಡಿ.’ ಓದಕ್ಕೆ ಬರದೇ ಇರೋರಿಗೆ ನಾನೇ ಬಾಯಲ್ಲಿ ಹೇಳ್ತಿದ್ದೆ. ನನ್ನ ಮಾತು ಕೇಳಿ ಎಷ್ಟೋ ಜನ ಉಳ್ಕೊಂಡಿದ್ದಾರೆ ಅಂತ ನನಗೆ ಒಳಗೊಳಗೇ ಜಂಬಾನೂ ಇತ್ತು.

ನಮ್ಮತ್ತೆ ನೇಪಾಳಕ್ಕೆ ಹೊರಟಿದ್ದು ಇಂಥಾ ಸಮಯದಲ್ಲಿ.

ನಮ್ಮತ್ತೆ ಅಂದ್ರೆ ಬರೀ ಗಂಡನ ತಾಯಿ ಅಲ್ಲ, ನಮ್ಮಪ್ಪನ ಸ್ವಂತ ಅಕ್ಕ. ಹುಟ್ಟಿದಾಗಿಂದ ನನ್ನ ಎತ್ತಿ ಆಡಿಸಿದ ಕೈಯೇ ಆಮೇಲೆ ನನಗೆ ಅರಿಶಿನ ಹಚ್ಚಿದ್ದು. ಬಿ.ದುರ್ಗದ ಹತ್ರ ನಮ್ಮೂರು. ಕುರಿ ಕಾಯೋ ಮನೆತನ. ಅತ್ತೆಗೆ ಅಕ್ಷರ ಬರಲ್ಲ, ಆದ್ರೆ ಇನ್ನೂರು ಕುರಿ ನಡುವೆ ಯಾವ ಮರಿ ಯಾವ ತಾಯಿದು ಅಂತ ಕೂಗಿನಲ್ಲೇ ಹೇಳ್ತಾರೆ. ಚಿತ್ರದುರ್ಗದಿಂದ ಯಾತ್ರೆ ಬಸ್ಸು ಹೊರಡುತ್ತೆ, ಕಾಶಿ, ಗಯಾ ಮುಗಿಸಿ ಗಡಿ ದಾಟಿ ಪಶುಪತಿನಾಥನವರೆಗೂ ಹೋಗುತ್ತೆ, ಅಡಿಗೆಯವರೂ ಜೊತೆಗೇ ಇರ್ತಾರೆ ಅಂತ ಗೊತ್ತಾಗಿದ್ದೇ ತಡ, ಹಠ ಹಿಡಿದು ಕೂತ್ರು. ಹಿರಿಯೂರಿನವರು, ಹೊಸದುರ್ಗದವರು, ಎಲ್ಲ ಸೇರಿ ಒಂದು ಬಸ್ಸು ತುಂಬ ಜನ.

‘ಅತ್ತೆ, ಅದು ಪರದೇಶ ಕಣ್ರಿ,’ ಅಂದೆ.

‘ಬಸ್ಸು ಹೋಗ್ತೈತಲ್ಲವ್ವ. ಬಸ್ಸು ಹೋಗೋ ಊರು ಎಂಥಾ ಪರದೇಶ?’ ಅಂದ್ರು.

ಈಗ ಫೋನಿನ ವಿಷಯ. ಅತ್ತೆದು ಬಟನ್ ಫೋನು. ನಮ್ಮ ಸಿಮ್ಮು ನೇಪಾಳದಲ್ಲಿ ಸುಮ್ಮನೆ ನಡೆಯಲ್ಲ, ರೋಮಿಂಗ್ ಪ್ಯಾಕ್ ಹಾಕಿಸಬೇಕು. ಊರಿಗೆಲ್ಲ ಕರೆನ್ಸಿ ಹಾಕೋಳು ನಾನು, ರೇಟು ನನಗೆ ಗೊತ್ತಿಲ್ವಾ? ಅವರು ನೇಪಾಳದಲ್ಲಿರೋ ನಾಲ್ಕು ದಿನದ ಪ್ಯಾಕಿನ ದುಡ್ಡಲ್ಲಿ ನಮ್ಮನೆ ಫೋನುಗಳು ತಿಂಗಳುಗಟ್ಟಲೆ ನಡೀತಿದ್ವು. ಅದೂ ಅಲ್ಲದೆ, ನಮ್ಮ ಅಂಗಡಿಗೆ ಬರೋ ಹಿರಿಯೂರಿನ ಒಬ್ಬ ಸಾಹೇಬ್ರು ಪರದೇಶಕ್ಕೆ ಹೋಗಿ ಬಂದಮೇಲೆ ಅವರ ಫೋನಿಗೆ ಬಂದಿದ್ದ ಬಿಲ್ಲನ್ನ ನಾನೇ ಜೆರಾಕ್ಸ್ ಮಾಡಿಕೊಟ್ಟಿದ್ದೆ. ಆ ಹಾಳೆ ನೋಡಿದಾಗಿಂದ ರೋಮಿಂಗ್ ಅನ್ನೋ ಪದ ಕೇಳಿದ್ರೇ ನಾನು ಮಾತು ಬದಲಾಯಿಸ್ತಿದ್ದೆ. ಅವರದ್ದು ತಿಂಗಳ ಬಿಲ್ಲಿನ ಫೋನು, ಅತ್ತೆದು ಮೊದಲೇ ದುಡ್ಡು ಹಾಕೋದು, ಅದರಲ್ಲಿ ಬಿಲ್ಲು ಬರಕ್ಕೆ ಸಾಧ್ಯಾನೇ ಇಲ್ಲ. ಗೊತ್ತಿತ್ತು. ಗೊತ್ತಿದ್ರೂ ಹೆದರಿಕೆ ಹೋಗ್ಬೇಕಲ್ಲ!

ಬಸ್ಸಿನ ಮ್ಯಾನೇಜರು ಒಳ್ಳೇ ದಾರಿ ಹೇಳಿದ. ‘ಯಾರೂ ಪ್ಯಾಕ್ ಹಾಕಿಸಬೇಡ್ರಿ ಅಕ್ಕ, ದುಡ್ಡು ದಂಡ. ಗಡಿ ದಾಟಿದ ತಕ್ಷಣ ನಾನೊಂದು ಅಲ್ಲಿನ ಸಿಮ್ ತಗಂತೀನಿ, ಅಗ್ಗ ಬೀಳ್ತೈತೆ. ಸಂಜೆ ಎಲ್ರೂ ಒಬ್ಬೊಬ್ರಾಗಿ ಎರಡೆರಡು ನಿಮಿಷ ಮನೆಗೆ ಮಾತಾಡಲಿ.’ ಬಸ್ಸಿಗೆಲ್ಲ ಒಂದೇ ಸಿಮ್ಮು. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಅಂಗಡಿಲೇ ಅವನಿಗೆ ಟೀ ತರಿಸಿಕೊಟ್ಟೆ.

ಹೊರಡೋ ದಿನ ಅತ್ತೆ ಫೋನು ತಿರುಗಿಸಿ ತಿರುಗಿಸಿ ನೋಡಿದ್ರು. ‘ಹಂಗಾರೆ ಅಲ್ಲಿ ಇದು ಕೂಗಲ್ವೇನೆ?’

‘ಇಲ್ಲ ಅತ್ತೆ. ಅಲ್ಲಿ ಇದು ಬರೀ ಗಡಿಯಾರ. ಕತ್ತಲಾದ್ರೆ ಬ್ಯಾಟರಿ.’

‘ಮಿಸ್ ಕಾಲೂ ಹೋಗಲ್ವಾ?’

‘ಹೋಗಲ್ಲ.’

ಆಗ ಅವರ ಮುಖ ಸ್ವಲ್ಪ ಸಪ್ಪಗಾಯ್ತು. ಮಾತಾಡಕ್ಕೆ ಆಗಲ್ಲ ಅಂದಾಗ ಆಗದಿದ್ದ ಬೇಜಾರು ಮಿಸ್ ಕಾಲ್ ಹೋಗಲ್ಲ ಅಂದಾಗ ಆಯ್ತು. ಅದಕ್ಕೆ ಕಾರಣ ಇದೆ.

ನಮ್ಮ ಮಾವ ಬದುಕಿದ್ದಾಗ ವರ್ಷದಲ್ಲಿ ಅರ್ಧಕ್ಕರ್ಧ ದಿನ ಮನೆಲಿರ್ತಿರಲಿಲ್ಲ. ಕುರಿ ಹೊಡ್ಕೊಂಡು ಒಂದು ಸಲ ಜೋಗಿಮಟ್ಟಿ ಕಡೆ, ಒಂದು ಸಲ ಮಾರಿಕಣಿವೆ ಹಿನ್ನೀರಿನ ಕಡೆ, ಎಲ್ಲಿ ಹುಲ್ಲೋ ಅಲ್ಲಿ. ಮನೆಗೆ ಮೊಬೈಲ್ ಬಂದಾಗ ಗಂಡ ಹೆಂಡತಿ ಇಬ್ರೂ ಸೇರಿ ಒಂದು ಲೆಕ್ಕ ಮಾಡ್ಕೊಂಡ್ರು. ಒಂದು ರಿಂಗ್ ಕೊಟ್ಟು ಕಟ್ ಮಾಡಿದ್ರೆ, ಹಟ್ಟಿ ಸೇರಿದೀನಿ, ಸುಖವಾಗಿದೀನಿ. ಎರಡು ಸಲ ಕೊಟ್ರೆ, ಬುತ್ತಿ ಕಳಿಸು. ಮೂರು ಸಲ ಕೊಟ್ರೆ, ಏನೋ ಆಗೈತೆ, ಬಾ. ಫೋನು ಎತ್ತೋ ಹಂಗೇ ಇಲ್ಲ. ಎತ್ತಿದ್ರೆ ಮಾವ ಬೈತಿದ್ರು. ಒಂದು ಸಲ ಹಾಕಿಸಿದ ಕರೆನ್ಸಿ ಹಂಗೇ ಕೂತಿರೋದು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಒಂದು ಬೆಳಿಗ್ಗೆ ಅತ್ತೆ ರೊಟ್ಟಿ ಬಡೀತಿದ್ರು. ಫೋನು ಒಂದು ಸಲ ಕೂಗಿ ನಿಂತಿತು. ಅತ್ತೆ ನಕ್ಕರು. ಮತ್ತೆ ಕೂಗಿತು, ಬುತ್ತಿ ಅಂತೆ ಅಂದ್ರು. ಮೂರನೇದು ಕೂಗಿದ್ದೇ, ಹೆಂಚಿನ ಮೇಲಿದ್ದ ರೊಟ್ಟಿ ಹಂಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ರೋಡಿಗೆ ಓಡಿದ್ರು. ಮಾವ ಜೋಗಿಮಟ್ಟಿ ಬುಡದಲ್ಲಿ ಬಂಡೆಯಿಂದ ಜಾರಿ ಕಾಲು ಮುರ್ಕೊಂಡು ಬಿದ್ದಿದ್ರು. ಅತ್ತೆ ಹೋಗಿ ಸೇರೋ ಹೊತ್ತಿಗೆ ನೆರಳಿಗೆ ಸರಿಯಕ್ಕೂ ಆಗದೆ ಬಿಸಿಲಲ್ಲೇ ಇದ್ರಂತೆ. ಆಮೇಲೆ ಮಾವ ಹತ್ತು ವರ್ಷ ಬದುಕಿದ್ರು. ಅವತ್ತಿಂದ ನಮ್ಮನೆಲಿ ಮೂರು ರಿಂಗ್ ಬಂದ್ರೆ ಯಾರೂ ಕೂತಲ್ಲಿ ಕೂರಲ್ಲ.

ಹೋದ್ರು ಅತ್ತೆ. ಹೆಗಲ ಮೇಲೆ ಕರೀ ಕಂಬಳಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ಗಡಿ ದಾಟಿದ ಸಂಜೆ ಬಸ್ಸಿನ ಸಿಮ್ಮಿಂದ ಫೋನ್ ಬಂತು. ಈಗ ಮಾಡ್ತೀನಿ ಅಂತ ಮ್ಯಾನೇಜರು ಮೊದಲೇ ವಾಟ್ಸಾಪಿನಲ್ಲಿ ತಿಳಿಸಿದ್ದರಿಂದ ಹೆದರದೆ ಎತ್ತಿದೆ. ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಕುರಿಗೆ ಔಷಧಿ ಕುಡಿಸಿದ್ರಾ ಅಂತಾನೇ ಕೇಳಿದ್ರು. ನಾನು ಆ ನಂಬರನ್ನ ‘ಟೂರ್ ಬಸ್’ ಅಂತ ಸೇವ್ ಮಾಡ್ಕೊಂಡೆ. ಹೆಸರು ಹಾಕಿದ ಮೇಲೆ ನಂಬರನ್ನ ಯಾರು ನೋಡ್ತಾರೆ?

ಮಾರನೇ ದಿನ ಆಯುಧಪೂಜೆ ಹತ್ರ ಬಂದಿದ್ದರಿಂದ ಅಂಗಡಿಲಿ ಜನ ಜಾಸ್ತಿ. ಹತ್ತು ಗಂಟೆ ಇರಬಹುದು. ಪಿಂಚಣಿ ಕಾಗದ ಜೆರಾಕ್ಸ್ ಮಾಡಿಸಕ್ಕೆ ಒಬ್ಬ ಅಜ್ಜ ನಿಂತಿದ್ರು. ನನ್ನ ಫೋನು ಒಂದು ಸಲ ಕೂಗಿ ನಿಂತಿತು. ನೋಡಿದ್ರೆ ಮುಂದೆ ಪ್ಲಸ್ ಇರೋ ಉದ್ದನೆ ನಂಬರು. ನನಗೆ ಜುಂ ಅಂತು. ಕಳ್ಳ ನಂಬರು! ಇಷ್ಟು ದಿನ ಬೇರೆಯವರ ಫೋನಿಗೆ ಬರ್ತಿದ್ದಿದ್ದು ಈಗ ನನಗೇ ಬಂತು. ಇದರಲ್ಲೇ ಅಂಗಡಿ ದುಡ್ಡು, ಬ್ಯಾಂಕು, ಎಲ್ಲ ಇದೆಯಪ್ಪ ದೇವರೇ ಅಂತ ಫೋನನ್ನ ಟೇಬಲ್ ಮೇಲೆ ದೂರ ತಳ್ಳಿದೆ. ಅಷ್ಟರಲ್ಲಿ ಇನ್ನೊಂದು ಸಲ ಕೂಗಿ ನಿಂತಿತು.

‘ನೋಡ್ರಿ ಅಜ್ಜಾರೆ, ಇದೇ ಅದು,’ ಅಂತ ತೋರಿಸಿದೆ. ‘ಎತ್ತಿದ್ರೆ ಕಥೆ ಮುಗೀತು.’ ಅವರ ಎದುರಿಗೇ ಬ್ಲಾಕ್ ಮಾಡಿ, ಗೋಡೆ ಮೇಲಿನ ಕೆಂಪು ಅಕ್ಷರ ಓದಿ ಹೇಳಿದೆ. ಅಜ್ಜ, ನಿನ್ನಂಥೋರು ಇರ್ಬೇಕವ್ವ ಊರಿಗೆ ಅಂದ್ರು. ನಾನು ಮತ್ತೆ ಜೆರಾಕ್ಸ್ ಮಾಡ್ತಾ ಕೂತೆ.

ಹನ್ನೆರಡೂವರೆಗೆ ಮ್ಯಾನೇಜರದು ವಾಟ್ಸಾಪ್ ಕಾಲು. ಹೋಟೆಲಿನ ವೈಫೈಯಿಂದ ಮಾಡ್ತಿದ್ದ. ಏದುಸಿರು.

‘ಅಕ್ಕ, ಗಾಬರಿಯಾಗಬೇಡ್ರಿ. ಅಮ್ಮಾರು ಕಾಣ್ತಿಲ್ಲ.’

ಗಾಬರಿಯಾಗಬೇಡ್ರಿ ಅಂತ ಶುರು ಮಾಡೋರನ್ನ ಕಂಡ್ರೆ ನನಗೆ ಇವತ್ತಿಗೂ ಆಗಲ್ಲ.

ಬೆಳಿಗ್ಗೆ ಗುಡಿ ದರ್ಶನ ಮುಗಿಸಿ ಹೊರಗೆ ಬಂದಿದ್ದಾರೆ. ತಲೆ ಎಣಿಸಿದ್ರೆ ಒಂದು ಕಮ್ಮಿ. ಅಲ್ಲೂ ಏನೋ ದೊಡ್ಡ ಹಬ್ಬದ ದಿನಗಳಂತೆ, ಕಾಲಿಡಕ್ಕೆ ಜಾಗ ಇಲ್ಲ. ಮೂರು ಗಂಟೆ ಕಾಲ ಎಲ್ಲರೂ ಹುಡುಕಿದ್ದಾರೆ. ಹೋಟೆಲಿಗೇನಾದ್ರೂ ಬಂದಿದಾರಾ ಅಂತ ನೋಡಕ್ಕೆ ಅವನು ವಾಪಸ್ ಬಂದಿದ್ದ. ಅಲ್ಲೂ ಇಲ್ಲ. ‘ಪೊಲೀಸ್ನೋರಿಗೆ ಹೇಳಿದೀನಿ. ಮತ್ತೆ ಗುಡಿ ಹತ್ರ ಹೋಗ್ತೀನಿ ಅಕ್ಕ,’ ಅಂತ ಇಟ್ಟುಬಿಟ್ಟ.

ಅಂಗಡಿಲಿ ನಿಂತಿದ್ದೋರು ಏನೋ ಕೇಳ್ತಿದ್ರು, ಬಾಯಿ ಆಡೋದು ಕಾಣ್ತಿತ್ತು, ಮಾತು ಕೇಳ್ತಿರಲಿಲ್ಲ. ಅಕ್ಷರ ಬರಲ್ಲ, ಭಾಷೆ ಬರಲ್ಲ, ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ಬಸ್ಸಲ್ಲಿರೋ ಚೀಲದಲ್ಲಿದೆ. ಕೈಲಿರೋ ಫೋನು ಗಡಿಯಾರ. ಅದನ್ನ ಗಡಿಯಾರ ಮಾಡಿದೋಳು ನಾನು. ನಾಲ್ಕು ದಿನದ ಪ್ಯಾಕು! ಅತ್ತೆ ಸಿಗದಿದ್ರೆ ನಮ್ಮಪ್ಪನಿಗೆ ಏನು ಹೇಳಲಿ? ನಮ್ಮೋರಿಗೆ ಯಾವ ಮುಖ ತೋರಿಸಲಿ? ನಿಮ್ಮ ತಾಯಿನ ಕಳೆದೆ, ಆದ್ರೆ ದುಡ್ಡು ಉಳಿಸಿದೀನಿ ಅಂತ ಹೇಳ್ಲಾ? ಅಂಗಡಿ ಹಿಂದೆ ಹೋಗಿ ಗೋಡೆಗೆ ತಲೆ ಕೊಟ್ಟು ನಿಂತೆ. ಅಳೂನೂ ಬರ್ತಿಲ್ಲ, ಅಷ್ಟು ಭಯ.

ನಮ್ಮೋರು ಕುರಿ ಜೊತೆ ಮಾರಿಕಣಿವೆ ಕಡೆ ಇದ್ರು. ಫೋನು ಮಾಡಿದ್ರೆ ಎರಡು ಸಲ ಎತ್ತಲಿಲ್ಲ, ಮೂರನೇ ಸಲ ಎತ್ತಿದ್ರು. ಹೇಳಿದೆ. ಆ ಕಡೆಯಿಂದ ಬರೀ ಕುರಿ ಕೂಗೋದು ಕೇಳಿಸ್ತು. ಆಮೇಲೆ ‘ಬಂದೆ’ ಅಂದ್ರು, ಅಷ್ಟೇ.

ಮತ್ತೆ ಮ್ಯಾನೇಜರಿಗೆ ವಾಟ್ಸಾಪಿನಲ್ಲಿ ಮಾಡಿದೆ. ಹೋಟೆಲಿಂದ ಹೊರಗೆ ಹೋಗಿದ್ನಲ್ಲ, ವೈಫೈ ಇಲ್ಲ, ಹೋಗಲೇ ಇಲ್ಲ. ಸರಿ, ಬಸ್ಸಿನ ಸಿಮ್ಮಿಗೇ ಮಾಡಾಣ ಅಂತ ‘ಟೂರ್ ಬಸ್’ ಒತ್ತಿದೆ. ನಿಮ್ಮ ಪ್ಯಾಕಿನಲ್ಲಿ ಹೊರದೇಶಕ್ಕೆ ಕರೆ ಮಾಡುವ ಸೌಲಭ್ಯ ಇಲ್ಲ ಅಂತ ಒಂದು ಹೆಂಗಸಿನ ದನಿ ನಯವಾಗಿ ಹೇಳ್ತು. ಊರಿಗೆಲ್ಲ ಪ್ಯಾಕ್ ಮಾರೋಳ ಫೋನಲ್ಲಿ ಪ್ಯಾಕ್ ಇಲ್ಲ! ಸಿಟ್ಟಿಗೆ ಫೋನು ಬಿಸಾಕೋಣ ಅನ್ನಿಸ್ತು. ಅದೇ ಹೊತ್ತಿಗೆ ಪರದೆ ಮೇಲೆ ‘ಟೂರ್ ಬಸ್’ ಹೆಸರಿನ ಕೆಳಗೆ ಅದರ ನಂಬರು ಕಾಣಿಸ್ತು. ಪ್ಲಸ್ ಒಂಬತ್ತು ಏಳು ಏಳು.

ಒಂಬತ್ತು ಏಳು ಏಳು. ಇದನ್ನ ಎಲ್ಲೋ ನೋಡಿದೀನಲ್ಲ? ಇವತ್ತೇ ನೋಡಿದೀನಲ್ಲ?

ಬ್ಲಾಕ್ ಮಾಡಿದ ಕಾಲುಗಳೆಲ್ಲ ಫೋನಲ್ಲಿ ಒಂದು ಕಡೆ ಸೇರಿರ್ತವೆ. ತೆಗೆದು ನೋಡಿದೆ. ಬೆಳಿಗ್ಗೆಯ ಕಳ್ಳ ನಂಬರು. ಅದರ ಮುಂದೂ ಒಂಬತ್ತು ಏಳು ಏಳು. ಹತ್ತು ಗಂಟೆಗೆ ಮೂರು ಸಲ. ಎರಡು ಬಂದಮೇಲೆ ನಾನು ಬ್ಲಾಕ್ ಮಾಡಿದ್ನಲ್ಲ, ಆಮೇಲೆ ಮೂರನೇದೂ ಬಂದಿದೆ. ಹನ್ನೊಂದಕ್ಕೆ ಮೂರು ಸಲ. ಹನ್ನೆರಡಕ್ಕೆ ಮೂರು ಸಲ. ಒಂದು ಗಂಟೆಗೆ, ಅಂದ್ರೆ ನಾನು ಗೋಡೆಗೆ ತಲೆ ಕೊಟ್ಟು ನಿಂತಿದ್ದಾಗ, ಮತ್ತೆ ಮೂರು ಸಲ.

‘ಅಯ್ಯೋ ನನ್ನವ್ವ!’ ಅಂತ ಕೂಗಿಬಿಟ್ಟೆ. ಪಕ್ಕದ ಬೇಕರಿಯವರು ಓಡಿ ಬಂದ್ರು.

ಅತ್ತೆಗೆ ಬಾಯಲ್ಲಿ ಬರೋದು ಒಂದೇ ನಂಬರು, ನಮ್ಮ ಅಂಗಡಿದು, ಅಂದ್ರೆ ನನ್ನ ಈ ಫೋನಿಂದು. ಯಾರದೋ ಫೋನು ಕೇಳಿ ಇಸ್ಕೊಂಡು, ಆ ಪುಣ್ಯಾತ್ಮರ ಕರೆನ್ಸಿ ಯಾಕೆ ಕಳೀಬೇಕು ಅಂತ ಒಂದೇ ರಿಂಗಿಗೆ ಕಟ್ ಮಾಡಿ, ಮೂರು ಸಲ ಕೊಟ್ಟು, ಕಾದು ಕೂತಿದ್ದಾರೆ. ಮೂರು ರಿಂಗ್ ಬಂದ್ರೆ ನಮ್ಮನೆಲಿ ಯಾರೂ ಕೂತಲ್ಲಿ ಕೂರಲ್ಲ. ನಾನು ಕೂತಿದ್ದೆ. ಕೂತು ಗೋಡೆ ಬರಹ ಓದಿ ಹೇಳ್ತಿದ್ದೆ.

ಈಗ ಆ ನಂಬರಿಗೆ ಮಾಡ್ಬೇಕು. ಹೊರದೇಶದ ಪ್ಯಾಕನ್ನ ನನ್ನ ಫೋನಿಗೆ ನಾನೇ ಹಾಕ್ಕೊಬೇಕು. ದಿನಕ್ಕೆ ನೂರು ಸಲ ಕಣ್ಣು ಮುಚ್ಚಿ ಒತ್ತೋ ಪಿನ್ನು ಎರಡು ಸಲ ತಪ್ಪಾಯ್ತು. ಮೂರನೇ ಸಲ ತಪ್ಪಿದ್ರೆ ಇಡೀ ದಿನ ಲಾಕ್ ಆಗುತ್ತೆ. ಸೆರಗಲ್ಲಿ ಕೈ ಒರೆಸ್ಕೊಂಡು, ಒಂದೊಂದೇ ಅಂಕಿ ಬಾಯಲ್ಲಿ ಹೇಳ್ತಾ ಒತ್ತಿದೆ. ಹೋಯ್ತು. ಎಷ್ಟು ರೂಪಾಯಿದು ಹಾಕಿದೆ ಅಂತ ನೋಡ್ಲೂ ಇಲ್ಲ.

ಫೋನು ಆ ಕಡೆ ಕೂಗ್ತು. ಕೂಗ್ತು. ಕೂಗ್ತಾನೇ ಇತ್ತು. ಎತ್ರಪ್ಪ, ಎತ್ರವ್ವ, ಕಾಲಿಗೆ ಬೀಳ್ತೀನಿ. ಕೊನೆಗೆ ಒಬ್ಬ ಹೆಂಗಸು ಎತ್ತಿದ್ರು. ನಂದು ಟಿವಿ ನೋಡಿ ಕಲಿತ ಹಿಂದಿ. ಬೂಢಿ, ಕಾಲಾ ಕಂಬಲ್, ಕರ್ನಾಟಕ, ಇಷ್ಟೇ ಹೇಳಕ್ಕೆ ಆಗಿದ್ದು. ಆಕೆ ಏನೋ ನಕ್ಕರು, ಫೋನು ಕೈ ಬದಲಾಯ್ತು.

‘ಯಾರು?’

ಅತ್ತೆ ದನಿ!

‘ಅತ್ತೆ! ನಾನು ಕಣ್ರಿ!’

‘ಬಂತೇನವ್ವ ಮಿಸ್ ಕಾಲು? ಸರಿ ಬಿಡು. ನಿನ್ನ ಕರೆನ್ಸಿ ಹೋಗ್ತೈತೆ, ಇಡು ಇಡು.’

ಟುಯ್. ಕಟ್.

ನಾಲ್ಕು ಗಂಟೆ ಹೊತ್ತಿಂದ ಕಳೆದುಹೋಗಿರೋ ಮುದುಕಿ, ನನ್ನ ಕರೆನ್ಸಿ ಉಳಿಸಕ್ಕೆ ಫೋನು ಕಟ್ ಮಾಡಿದ್ರು. ನನಗೆ ಅಳು ಅವಾಗ ಬಂತು. ಬಿಕ್ಕಿ ಬಿಕ್ಕಿ ಅಳ್ತಾನೇ ಮತ್ತೆ ಒತ್ತಿದೆ. ಈ ಸಲ ಆ ಹೆಂಗಸೇ ಮಾತಾಡಿದ್ರು. ಅವರದ್ದು ಉಣ್ಣೆ ನೂಲು ಮಾರೋ ಅಂಗಡಿಯಂತೆ, ಗುಡಿಯಿಂದ ಸುಮಾರು ದೂರ. ನಿಧಾನವಾಗಿ ಎರಡೆರಡು ಸಲ ಜಾಗದ ಹೆಸರು ಹೇಳಿದ್ರು, ಪಿಂಚಣಿ ಕಾಗದದ ಕೆಟ್ಟುಹೋಗಿದ್ದ ಜೆರಾಕ್ಸಿನ ಹಿಂದೆ ಬರ್ಕೊಂಡೆ. ‘ಟೂರ್ ಬಸ್’ ಒತ್ತಿ ಮ್ಯಾನೇಜರಿಗೆ ಅದನ್ನೆಲ್ಲ ಹೇಳಿದೆ. ‘ಅಲ್ಲಿಗೇ ಹೋಗಪ್ಪ, ಈಗ್ಲೇ ಹೋಗು,’ ಅಂದೆ. ಅವನೂ ಅತ್ತ.

ಆಮೇಲೆ ಕಾಯೋದು. ಅದು ಇನ್ನೂ ಭಯ. ಸಿಕ್ಕಿದಾರೆ ಅನ್ನೋದು ನಿಜ, ಆದ್ರೆ ಇವನು ಹೋಗೋ ಅಷ್ಟರಲ್ಲಿ ಅಲ್ಲಿಂದ ಎದ್ದು ಹೊರಟ್ರೆ? ನಾನೇ ಹುಡುಕ್ಕೊಂಡು ಹೋಗ್ತೀನಿ ಅಂತ ಹೊರಟುಬಿಡೋ ಜಾಯಮಾನ ಅವರದ್ದು. ಅಷ್ಟರಲ್ಲಿ ನಮ್ಮೋರು ಬೈಕಲ್ಲಿ ಬಂದಿಳಿದ್ರು. ತಲೆ ತುಂಬ ಧೂಳು, ಕೈಯಲ್ಲಿ ಕುರಿ ಕಾಯೋ ಕೋಲು ಹಂಗೇ ಇತ್ತು, ಇಡಕ್ಕೇ ಮರೆತಿದ್ರು. ಎಲ್ಲಾ ಹೇಳಿದೆ. ಬ್ಲಾಕ್ ಮಾಡಿದ್ದೂ ಹೇಳಿದೆ.

‘ಮೂರು ಬಂದಿದ್ವಾ?’ ಅಂದ್ರು.

‘ಬಂದಿದ್ವು.’

ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರೋದು. ಮೆಟ್ಟಿಲ ಮೇಲೆ ಕೂತು, ನನ್ನ ಫೋನನ್ನ ತಮ್ಮ ಮೊಣಕಾಲ ಮೇಲೆ ಇಟ್ಕೊಂಡು ಅದನ್ನೇ ನೋಡ್ತಾ ಇದ್ರು.

ಎರಡೂವರೆ ಆಗಿತ್ತು. ಫೋನು ಕೂಗಿತು. ‘ಟೂರ್ ಬಸ್’. ನಾನು ಹಾರಿ ಎತ್ತಕ್ಕೆ ಹೋದೆ, ನಮ್ಮೋರು ನನ್ನ ಕೈ ಹಿಡ್ಕೊಂಡ್ರು. ‘ತಡಿ,’ ಅಂದ್ರು. ಒಂದು ಸಲ ಕೂಗಿ ನಿಂತಿತು. ಇಬ್ರೂ ಪರದೆನೇ ನೋಡ್ತಾ ಕೂತ್ವಿ. ಎರಡನೇದು ಬರಲಿಲ್ಲ. ಒಂದೇ. ಹಟ್ಟಿ ಸೇರಿದೀನಿ, ಸುಖವಾಗಿದೀನಿ. ನಮ್ಮೋರು ಟವಲ್ಲಿಂದ ಮುಖ ಮುಚ್ಕೊಂಡ್ರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತಿದ್ದನ್ನ ನಾನು ನೋಡಿದ್ದು ಎರಡನೇ ಸಲ, ಮೊದಲನೇದು ಮಾವ ತೀರಿಕೊಂಡಾಗ.

ವಾರ ಕಳೆದು ಅತ್ತೆ ಬಂದ್ರು. ಗಂಗೆ ತೀರ್ಥ, ರುದ್ರಾಕ್ಷಿ, ನನಗೊಂದು ಬಳೆ. ನಾನು ಅನ್ನಕ್ಕಿಡೋದೂ ಮರೆತು ಎದುರಿಗೆ ಕೂತೆ. ಆಗಿದ್ದೇನಪ್ಪ ಅಂದ್ರೆ, ಗುಡಿ ಹೊರಗೆ ಹಬ್ಬಕ್ಕೆ ಅಂತ ಬೆಟ್ಟದ ಮೇಕೆಗಳನ್ನ ಹೊಡ್ಕೊಂಡು ಹೋಗ್ತಿದ್ರಂತೆ. ಮೊಣಕಾಲು ಮುಚ್ಚೋ ಅಷ್ಟು ಕೂದಲು. ನಮ್ಮ ಕಡೆ ಯಾರೂ ಕಂಡಿರಲ್ಲ ಅಂಥಾವು. ‘ಒಂದು ಸಲ ಕೂದ್ಲು ಮುಟ್ಟಿ ನೋಡಾಣ ಅಂತ ಹಿಂದಿಂದೆ ಹೋದೆ ಕಣೆ. ತಿರುಗಿ ನೋಡ್ತೀನಿ, ಗುಡೀನೇ ಇಲ್ಲ!’ ಕಾಲು ಸೋತು ನಿಂತಾಗ ಒಬ್ಬಾಕೆ ಉಣ್ಣೆ ನೂಲು ಇಟ್ಕೊಂಡು ಹೆಣಿಗೆ ಹಾಕ್ತಿದ್ರಂತೆ. ಅಲ್ಲೇ ಹೋಗಿ ಕೂತು, ಕಂಬಳಿ ತೋರಿಸಿ, ನಂಬರಿನ ಒಂದೊಂದು ಅಂಕಿಗೂ ಬೆರಳು ಎತ್ತಿ ತೋರಿಸಿದ್ರಂತೆ. ಇಂಡಿಯಾದೋರು ಅಂತ ತಿಳಿದು ಆಕೆ ಮುಂದೆ ತೊಂಬತ್ತೊಂದು ಸೇರಿಸಿ ಒತ್ತಿಕೊಟ್ಟಿದ್ದಾರೆ. ಟೀ ಕೊಟ್ಟಿದ್ದಾರೆ, ಸಕ್ಕರೆ ಬೇಡ ಅಂತ ಕೈಯಲ್ಲೇ ಹೇಳಿದ್ರಂತೆ.

‘ಭಯ ಆಗ್ಲಿಲ್ವಾ ಅತ್ತೆ?’

‘ಆಗ್ದೆ ಏನು? ಕೈಕಾಲು ತಣ್ಣಗಾಗಿದ್ವು.’ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ್ರು: ‘ಅಲ್ಲವ್ವ, ಅಷ್ಟು ಸಲ ಕೊಟ್ಟೆ. ಯಾಕೆ ತಡ ಮಾಡ್ದೆ?’

ನಮ್ಮೋರು ಬಾಗಿಲ ಹತ್ರ ನಿಂತಿದ್ರು. ನನ್ನ ಮುಖ ನೋಡಲಿಲ್ಲ. ಮೂಲೆಲಿದ್ದ ಮರಿಗೆ ಸೊಪ್ಪು ಹಾಕಕ್ಕೆ ಹೋದ್ರು.

‘ಫೋನಲ್ಲಿ ಚಾರ್ಜ್ ಇರಲಿಲ್ಲ ಅತ್ತೆ,’ ಅಂದೆ.

‘ನಾನೂ ಹಂಗೇ ಅನ್ಕಂಡೆ,’ ಅಂದ್ರು ಅತ್ತೆ. ‘ಆಕೆ ಪಾಪ, ನಡಿ ಪೊಲೀಸ್ನೋರ ಹತ್ರ ಬಿಡ್ತೀನಿ ಅಂತ ಎಷ್ಟು ಸಲ ಕೈ ಹಿಡಿದು ಎಬ್ಬಿಸಿದ್ಲು. ನಾನು ಏಳಲೇ ಇಲ್ಲ. ಚಾರ್ಜ್ ಇಲ್ಲ ಅನ್ಸುತ್ತೆ, ಇದ್ದಿದ್ರೆ ನನ್ನ ಸೊಸೆ ಮೂರು ರಿಂಗಿಗೆ ಕೂರೋಳಲ್ಲ, ಅಂತ ಅಲ್ಲೇ ಕುಂತಿದ್ದೆ.’